ಪದ ಪರಿಚಯ: ಕ್ಯಾರೆಟ್ (^)

ತರಕಾರಿಯ ಕ್ಯಾರೆಟ್, ಚಿನ್ನದ ಕ್ಯಾರೆಟ್ ಎರಡೂ ಗ್ರೀಕ್ ಮೂಲದವು. ಕೀಲಿಮಣೆಯಲ್ಲಿ 6ರ ಮೇಲೆ ಕೂತಿರುವ ^ ಗುರುತಿನ ಹೆಸರು ಮಾತ್ರ ಲ್ಯಾಟಿನ್ನಿನದು. ‘ಇಲ್ಲಿ ಏನೋ ಬಿಟ್ಟುಹೋಗಿದೆ’ ಎಂದರ್ಥ. ಕರಡು ತಿದ್ದುವವರು ಬಿಟ್ಟ ಅಕ್ಷರ ಸೇರಿಸಬೇಕಾದ ಕಡೆ ಹಾಕುವ ಗುರುತು ಇದು. ಕನ್ನಡದಲ್ಲಿ ಹಂಸಪಾದ. ನನ್ನ ಕಿವಿಗೆ ಇದೇ ಚೆಂದ. (ಕಟ್ಟುನಿಟ್ಟಾಗಿ ನೋಡಿದರೆ ಕೀಲಿಮಣೆಯಲ್ಲಿರುವುದು ಸರ್ಕಮ್‌ಫ್ಲೆಕ್ಸ್. ಬಳಕೆಯಲ್ಲಿ ಕ್ಯಾರೆಟ್ ಆಗಿಬಿಟ್ಟಿದೆ.)

1999ರಲ್ಲಿ ಬಂದ ‘ಕ್ವೇಕ್ 3 ಅರೀನಾ’ ಆಟದಲ್ಲಿ ಈ ಗುರುತಿಗೆ ಬಣ್ಣ ಬಳಿಯುವ ಕೆಲಸ ಸಿಕ್ಕಿತು. ^1 ಒತ್ತಿದರೆ ಮುಂದಿನ ಅಕ್ಷರಗಳು ಕೆಂಪು. ^2 ಹಸಿರು, ^3 ಹಳದಿ, ^4 ನೀಲಿ, ^7 ಬಿಳಿ. ಗುರುತೂ ಅಂಕಿಯೂ ತೆರೆಯ ಮೇಲೆ ಕಾಣುವುದಿಲ್ಲ, ಬಣ್ಣವಷ್ಟೇ ಕಾಣುತ್ತದೆ. ಸಾಲಿನಲ್ಲಿ ಮತ್ತೊಂದು ಸಂಕೇತ ಬರುವವರೆಗೂ ಅದೇ ಬಣ್ಣ. ಹಾಗಾಗಿ ‘^1ರಾಕೆಟ್ ^7ಬಂತು’ ಎಂದು ಬರೆದರೆ ರಾಕೆಟ್ ಕೆಂಪು, ಬಂತು ಬಿಳಿ. ಸಂದೇಶಕ್ಕಿಂತ ಹೆಸರಿಗೇ ಇದರ ಬಳಕೆ ಜಾಸ್ತಿ: ಅಕ್ಷರಕ್ಕೊಂದು ಬಣ್ಣ ಹಚ್ಚಿಕೊಂಡು ಜಾತ್ರೆಯ ತೇರಿನಂತೆ ಮೆರೆಯುವ ಹೆಸರುಗಳು ಆಟದ ತುಂಬ! ಓದಲು ಕಷ್ಟ, ಮರೆಯುವುದು ಇನ್ನೂ ಕಷ್ಟ.

ಅದೇ ಎಂಜಿನ್ ಆಧರಿಸಿದ ಮೊದಲ ‘ಕಾಲ್ ಆಫ್ ಡ್ಯೂಟಿ’ಗೂ (2003) ಈ ಸಂಕೇತಗಳು ಹರಿದುಬಂದವು. ‘ಮೈನ್‌ಕ್ರಾಫ್ಟ್’ ಬೇರೆ ದಾರಿ ಹಿಡಿಯಿತು. ಅಲ್ಲಿರುವುದು §, ಕಾನೂನು ಪುಸ್ತಕಗಳಲ್ಲಿ ಸೆಕ್ಷನ್ ಸೂಚಿಸುವ ಚಿಹ್ನೆ. §4 ಕಡುಗೆಂಪು, §6 ಚಿನ್ನದ ಬಣ್ಣ. ಬಹುಪಾಲು ಕೀಲಿಮಣೆಗಳಲ್ಲಿ § ಇಲ್ಲವಾದ್ದರಿಂದ ಅನೇಕ ಸರ್ವರ್‌ಗಳ ಪ್ಲಗಿನ್‌ಗಳು & ಒತ್ತಿದರೂ ಸಾಕೆನ್ನುತ್ತವೆ.