ಪರೀಕ್ಷಾ ಶುಲ್ಕದ ಆಸರೆಯಲ್ಲಿ: ಮೊದಲ ಮಹಾಯುದ್ಧ ಮತ್ತು ಕಲ್ಕತ್ತಾ ವಿಶ್ವವಿದ್ಯಾಲಯ

1857ರಲ್ಲಿ ಲಂಡನ್ನಿನ ಮಾದರಿಯಲ್ಲಿ ಸ್ಥಾಪನೆಯಾದ ಕಲ್ಕತ್ತಾ ವಿಶ್ವವಿದ್ಯಾಲಯವು ಮೊದಲ ಅರ್ಧ ಶತಮಾನ ತಾನೇ ಪಾಠ ಹೇಳದೆ, ಸಂಯೋಜಿತ ಕಾಲೇಜುಗಳ ವಿದ್ಯಾರ್ಥಿಗಳಿಗೆ ಪರೀಕ್ಷೆ ನಡೆಸಿ ಪದವಿ ಕೊಡುತ್ತಿದ್ದುದರಿಂದ, ಅಭ್ಯರ್ಥಿಗಳು ಕಟ್ಟುತ್ತಿದ್ದ ಶುಲ್ಕವೇ ಅದರ ಬೊಕ್ಕಸಕ್ಕೆ ಮುಖ್ಯ ಆಧಾರವಾಗಿತ್ತು. 1904ರ ಕಾಯಿದೆ ಬೋಧನೆಗೂ ಸಂಶೋಧನೆಗೂ ಅವಕಾಶ ಕೊಟ್ಟಿತೇ ಹೊರತು ಅದಕ್ಕೆ ತಕ್ಕ ಹಣ ಕೊಡಲಿಲ್ಲ. ಉಪಕುಲಪತಿ ಅಶುತೋಷ್ ಮುಖರ್ಜಿಯವರು ವಿಜ್ಞಾನ ಕಾಲೇಜನ್ನು ಕಟ್ಟಲು ಹೊರಟಾಗ ಕೈಹಿಡಿದವರು ಇಬ್ಬರು ವಕೀಲರು: ಹಣ ಮತ್ತು ಜಮೀನಿನ ರೂಪದಲ್ಲಿ ಸುಮಾರು 15 ಲಕ್ಷ ರೂಪಾಯಿ ಕೊಟ್ಟ ತಾರಕನಾಥ ಪಾಲಿತ್, 10 ಲಕ್ಷ ಕೊಟ್ಟ ರಾಸಬಿಹಾರಿ ಘೋಷ್. ಆದರೆ ದತ್ತಿ ಎಂದರೆ ಅಸಲನ್ನು ಮುಟ್ಟದೆ ಬಡ್ಡಿಯಲ್ಲಿ ಪೀಠಗಳನ್ನು ನಡೆಸಬೇಕಾದ ಹಣವಾದ್ದರಿಂದ, ಕಟ್ಟಡ ಮತ್ತು ಸಲಕರಣೆಗಳ ಭಾರ ಬಹುಪಾಲು ಶುಲ್ಕದ ಉಳಿತಾಯದ ಮೇಲೆಯೇ ಬಿತ್ತು.

1914ರ ಮಾರ್ಚಿನಲ್ಲಿ ಕಾಲೇಜಿಗೆ ಅಡಿಗಲ್ಲು ಬಿತ್ತು; ಆಗಸ್ಟಿನಲ್ಲಿ ಯುದ್ಧ ಶುರುವಾಯಿತು. ಯುರೋಪಿನಿಂದ ಉಪಕರಣ ತರಿಸುವುದು ಕಷ್ಟವಾಯಿತು. ಉನ್ನತ ಅಧ್ಯಯನಕ್ಕೆಂದು ಬರ್ಲಿನ್ನಿಗೆ ಹೋಗಿದ್ದ ಕಾಲೇಜಿನ ಪ್ರಾಧ್ಯಾಪಕ ದೇವೇಂದ್ರ ಮೋಹನ್ ಬೋಸ್ ಅವರಿಗೆ 1919ರವರೆಗೂ ಊರಿಗೆ ಮರಳಲಾಗಲಿಲ್ಲ. ಜರ್ಮನಿಯ ಹೊಸ ಭೌತಶಾಸ್ತ್ರವನ್ನು ಕಲಿಸಬೇಕಾಗಿದ್ದ ಸತ್ಯೇಂದ್ರನಾಥ ಬೋಸ್ ಮತ್ತು ಮೇಘನಾದ ಸಾಹಾ, ಶಿಬಪುರದ ಎಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕ ಬ್ರೂಲ್ ಅವರ ಸ್ವಂತ ಸಂಗ್ರಹದಿಂದ ಜರ್ಮನ್ ಪುಸ್ತಕಗಳನ್ನು ಎರವಲು ತಂದು ಓದಿದರು. ಇಂಥ ಬಿಗುವಿನ ನಡುವೆಯೂ 1917ರಲ್ಲಿ ಸ್ನಾತಕೋತ್ತರ ಬೋಧನೆಯನ್ನೆಲ್ಲ ವಿಶ್ವವಿದ್ಯಾಲಯವೇ ವಹಿಸಿಕೊಂಡದ್ದು ನಿಜಕ್ಕೂ ಎದೆಗಾರಿಕೆಯ ಕೆಲಸ, ಸಿ.ವಿ. ರಾಮನ್ ಸರ್ಕಾರದ ಹಣಕಾಸು ಇಲಾಖೆಯ ಹೆಚ್ಚಿನ ಸಂಬಳವನ್ನು ಬಿಟ್ಟು ಪಾಲಿತ್ ಪೀಠಕ್ಕೆ ಬಂದದ್ದೂ ಅದೇ ವರ್ಷ.

ಯುದ್ಧ ಮುಗಿದ ಮೇಲೆ ಬೆಲೆಗಳು ಇಳಿಯಲಿಲ್ಲ, ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ವಿದ್ಯಾರ್ಥಿಗಳು ಪರೀಕ್ಷೆಗಳಿಂದ ದೂರವಾದಾಗ ಶುಲ್ಕದ ಹುಟ್ಟುವಳಿಯೂ ಕುಸಿಯಿತು. ಬ್ರಜೇಂದ್ರನಾಥ ಸೀಲ್ ಉಪಕುಲಪತಿಯಾಗಿ ಮೈಸೂರಿಗೆ ಹೊರಟ 1921ರಲ್ಲಿ, ಅವರ ತತ್ತ್ವಶಾಸ್ತ್ರ ಪೀಠಕ್ಕೆ ಮೈಸೂರಿನಿಂದಲೇ ರಾಧಾಕೃಷ್ಣನ್ ಬಂದರು; ಬೊಕ್ಕಸ ಬರಿದಾಗುತ್ತಿದ್ದರೂ ವಿದ್ವಾಂಸರ ಆಯ್ಕೆಯಲ್ಲಿ ಮಟ್ಟ ಇಳಿಯಲಿಲ್ಲ. ಮರುವರ್ಷ ಅಧ್ಯಾಪಕರ ಸಂಬಳವೇ ಬಾಕಿ ಬಿದ್ದಾಗ ಬಂಗಾಳ ಸರ್ಕಾರ ಎರಡೂವರೆ ಲಕ್ಷ ರೂಪಾಯಿ ಕೊಡಲು ಮುಂದಾಯಿತಾದರೂ, ಲೆಕ್ಕಪತ್ರಗಳ ಮೇಲೆ ಸರ್ಕಾರದ ನಿಗಾ ಇರಬೇಕು, ಹೊಸ ಹೊಣೆ ಹೊರಬಾರದು ಎಂಬ ಷರತ್ತುಗಳನ್ನು ಅದಕ್ಕೆ ಅಂಟಿಸಿತು. 1922ರ ಡಿಸೆಂಬರಿನಲ್ಲಿ ಸೆನೆಟ್ಟಿನ ಮುಂದೆ ಮಾತನಾಡಿದ ಅಶುತೋಷ್, ಸ್ವಾತಂತ್ರ್ಯವನ್ನು ಒತ್ತೆಯಿಟ್ಟು ಪಡೆಯುವ ಆ ಹಣ ಬೇಡವೆಂದರು.