ಮಾಜಿ ಸೈನಿಕರ ಸ್ಮೃತಿರಕ್ಷಣೆ ಮತ್ತು ಪುನರ್ವಸತಿ, ಕರ್ನಾಟಕ

ಸಮವಸ್ತ್ರ ಕಳಚಿದ ಯೋಧರ ನೆನಪು, ದಾಖಲೆಗಳನ್ನು ಕಾಪಿಟ್ಟು, ನಿವೃತ್ತಿಯ ನಂತರದ ಬದುಕಿಗೆ ಆಸರೆಯಾಗುವ ಕೆಲಸ. 1953ರಲ್ಲಿ ಸೇನೆಯಿಂದ ನಿವೃತ್ತರಾದ ಕೊಡಗಿನ ಕೆ.ಎಂ. ಕಾರ್ಯಪ್ಪನವರು 1964ರಲ್ಲಿ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್ ಎಂಬ ಮಾಜಿ ಸೈನಿಕರ ಸಂಘಟನೆ ಕಟ್ಟಿ ಇದಕ್ಕೆ ಬಲ ತುಂಬಿದರು.

ಮಡಿಕೇರಿಯಲ್ಲಿ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಬೆಂಗಳೂರಿನಲ್ಲಿ ಎಚ್‌ಎಎಲ್ ವಸ್ತುಸಂಗ್ರಹಾಲಯವು 1971ರ ಯುದ್ಧದಲ್ಲಿ ಬಳಕೆಯಾದ ಮಾರುತ್ ಮಾದರಿಯ ವಿಮಾನವನ್ನು ಉಳಿಸಿಕೊಂಡಿದೆ.

2003ರ ಇಸಿಎಚ್‌ಎಸ್ ಎಂಬ ಮಾಜಿ ಸೈನಿಕರ ಆರೋಗ್ಯ ಯೋಜನೆ ನಿವೃತ್ತರಿಗೂ ಅವಲಂಬಿತರಿಗೂ ಚಿಕಿತ್ಸೆ ಒದಗಿಸುತ್ತದೆ. 2014ರಲ್ಲಿ ಬಂದ ‘ಜೀವನ್ ಪ್ರಮಾಣ್’ ವ್ಯವಸ್ಥೆಯಲ್ಲಿ ಬೆರಳೊತ್ತಿದರೆ ಸಾಕು, ಪಿಂಚಣಿಗೆ ಬೇಕಾದ ಜೀವಿತ ಪ್ರಮಾಣಪತ್ರ ಆನ್‌ಲೈನ್‌ನಲ್ಲೇ ಸಿದ್ಧವಾಗುತ್ತದೆ.

ಮನೆಯ ಟ್ರಂಕಿನಲ್ಲಿರುವ ಡಿಸ್ಚಾರ್ಜ್ ಪುಸ್ತಕ, ಗಡಿಯಿಂದ ಬಂದ ಪತ್ರ, ಮಾಸಿದ ಫೋಟೊಗಳೂ ಚರಿತ್ರೆಯೇ. ರೆಜಿಮೆಂಟ್, ಸ್ಥಳ, ವರ್ಷ ಬರೆದು ಸ್ಕ್ಯಾನ್ ಮಾಡಿಟ್ಟರೆ ಅವು ಮುಂದಿನ ಸಂಶೋಧಕರಿಗೂ ದಕ್ಕುತ್ತವೆ.