ಕತ್ತಲ ಹಿತ್ತಿಲು, ಒಂದು ಗಾಜಿನ ಬಾಟಲಿ

ಮನೆ ಎಷ್ಟೇ ಚಿಕ್ಕದಿರಲಿ, ಅದರ ಪಕ್ಕದಲ್ಲಿ ಒಂದಿಷ್ಟು ಹಸಿರು ಇರಬೇಕೆಂಬ ಆಸೆ ಯಾರಿಗಿಲ್ಲ? ಆದರೆ ಪಟ್ಟಣದ ಮನೆಗಳಲ್ಲಿ ಸಿಗುವುದು ಕಾಂಪೌಂಡಿಗೂ ಗೋಡೆಗೂ ನಡುವಿನ ನಾಲ್ಕಡಿ ಜಾಗ. ಪಕ್ಕದ ಮನೆಯ ಮಹಡಿ ಬಿಸಿಲನ್ನು ತಡೆಯುತ್ತದೆ. ದುಡ್ಡು ಕೊಟ್ಟು ತಂದ ಗುಲಾಬಿ ಮೊಗ್ಗು ಬಿಡುವುದಿಲ್ಲ. ಚೆಂಡುಹೂವಿನ ಗಿಡ ಬೆಳಕನ್ನು ಹುಡುಕುತ್ತಾ ಉದ್ದಕ್ಕೆ ಬೆಳೆದು ಬಾಗುತ್ತದೆ. ಸುಮಾರು ಇನ್ನೂರು ವರ್ಷಗಳ ಹಿಂದೆ ಲಂಡನ್ನಿನ ವೈದ್ಯನೊಬ್ಬನನ್ನೂ ಇಂಥದೇ ಚಿಂತೆ ಕಾಡಿತ್ತು. ಅವನು ಕಂಡುಕೊಂಡ ಉಪಾಯ ಜಗತ್ತಿನ ತೋಟಗಳ ಸ್ವರೂಪವನ್ನೇ ಬದಲಿಸಿತು.

ಆತನ ಹೆಸರು ನಥಾನಿಯಲ್ ಬ್ಯಾಗ್‌ಷಾ ವಾರ್ಡ್. ವಾಸ ಪೂರ್ವ ಲಂಡನ್ನಿನ ವೆಲ್‌ಕ್ಲೋಸ್ ಚೌಕದಲ್ಲಿ. ಹಡಗುಕಟ್ಟೆ ಮತ್ತು ಕಾರ್ಖಾನೆಗಳ ನಡುವಿನ ಪ್ರದೇಶವದು. ತನ್ನ ಪುಟ್ಟ ಅಂಗಳದಲ್ಲಿ ಜರೀಗಿಡ ಮತ್ತು ಹಾವಸೆ ಬೆಳೆಸಲು ಆತ ಕಲ್ಲುಗಳನ್ನು ಪೇರಿಸಿದ. ಅವುಗಳ ಮೇಲೆ ನೀರು ತೊಟ್ಟಿಕ್ಕಲೆಂದು ರಂಧ್ರಗಳಿದ್ದ ಕೊಳವೆ ಹಾಕಿಸಿದ. ಆದರೂ ಸುತ್ತಲಿನ ಹೊಗೆಗೆ ಗಿಡಗಳು ಒಂದೊಂದಾಗಿ ಸತ್ತವು. ವಾರ್ಡ್ ಆಸೆ ಕೈಬಿಟ್ಟ.

ಬಾಟಲಿಯೊಳಗಿನ ಮಳೆ

1829ರಲ್ಲಿ ಆತ ಅಗಲ ಬಾಯಿಯ ಗಾಜಿನ ಬಾಟಲಿಯೊಂದಕ್ಕೆ ಒದ್ದೆ ಮಣ್ಣು ಹಾಕಿ, ಪತಂಗವೊಂದರ ಕೋಶವನ್ನು ಹುದುಗಿಸಿ ಮುಚ್ಚಳ ಹಾಕಿಟ್ಟ. ಕೋಶ ಒಡೆದು ಪತಂಗ ಹೊರಬರುವುದನ್ನು ನೋಡುವುದಷ್ಟೇ ಅವನ ಉದ್ದೇಶ. ಅದಕ್ಕೆ ಮೊದಲೇ ಮಣ್ಣಿನ ಮೇಲೆ ಒಂದು ಪುಟ್ಟ ಜರೀಗಿಡವೂ ಒಂದು ಹುಲ್ಲಿನ ಎಸಳೂ ಕಾಣಿಸಿಕೊಂಡವು! ಅಂಗಳದಲ್ಲಿ ಹಠ ಹಿಡಿದರೂ ಬದುಕದ ಗಿಡ ಇಲ್ಲಿ ತಾನಾಗಿಯೇ ಹುಟ್ಟಿತ್ತು. ಹಗಲಿನಲ್ಲಿ ಮಣ್ಣಿನ ತೇವ ಆವಿಯಾಗಿ ಮೇಲೇರಿ, ಗಾಜಿಗೆ ತಾಕಿ ಹನಿಗಟ್ಟಿ, ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಹೊಗೆ ಒಳಕ್ಕೆ ಹೋಗುತ್ತಿರಲಿಲ್ಲ. ವಾರ್ಡ್ ಆ ಬಾಟಲಿಯನ್ನು ನೇರ ಬಿಸಿಲು ಬೀಳದ ಉತ್ತರದ ಕಿಟಕಿಯ ಹೊರಗಿಟ್ಟ. ನೀರು ಹಾಕದೆಯೇ ಗಿಡ ಸುಮಾರು ನಾಲ್ಕು ವರ್ಷ ಬದುಕಿತು.

ಮುಂದೆ ಆತ ಮರ ಮತ್ತು ಗಾಜಿನ ಪೆಟ್ಟಿಗೆಗಳನ್ನು ಮಾಡಿಸಿದ. 1833ರಲ್ಲಿ ಅಂಥ ಎರಡು ಪೆಟ್ಟಿಗೆಗಳಲ್ಲಿ ಗಿಡಗಳನ್ನಿಟ್ಟು ಹಡಗಿನಲ್ಲಿ ಆಸ್ಟ್ರೇಲಿಯಕ್ಕೆ ಕಳಿಸಿದ. ತಿಂಗಳುಗಟ್ಟಲೆ ಪ್ರಯಾಣದ ನಂತರವೂ ಅವು ಹಸಿರಾಗಿಯೇ ಸಿಡ್ನಿ ತಲುಪಿದವು. ಅದುವರೆಗೆ ಸಮುದ್ರದ ಉಪ್ಪುಗಾಳಿಗೆ, ಸಿಹಿನೀರಿನ ಅಭಾವಕ್ಕೆ ಹಡಗಿನ ಗಿಡಗಳಲ್ಲಿ ಹೆಚ್ಚಿನವು ದಾರಿಯಲ್ಲೇ ಒಣಗುತ್ತಿದ್ದವು. ರಾಬರ್ಟ್ ಫಾರ್ಚೂನ್ ಚೀನಾದ ಚಹಾ ಸಸಿಗಳನ್ನು ಭಾರತಕ್ಕೆ ಸಾಗಿಸಿದ್ದೂ ಇಂಥ ಪೆಟ್ಟಿಗೆಗಳಲ್ಲೇ. ಸಾಮ್ರಾಜ್ಯದ ವ್ಯಾಪಾರಕ್ಕೆ ವೈದ್ಯನ ಬಾಟಲಿ ಹೀಗೆ ಒದಗಿಬಂತು.

ವಾರ್ಡನ ಮನಸ್ಸಿನಲ್ಲಿದ್ದುದು ಅದೊಂದೇ ಅಲ್ಲ. ಕತ್ತಲ ಓಣಿಗಳ ಬಡವರ ಕಿಟಕಿಗಳಲ್ಲೂ ಹಸಿರು ಕಾಣಬೇಕೆಂದು ಆತ 1842ರ ತನ್ನ ಪುಸ್ತಕದಲ್ಲಿ ವಾದಿಸಿದ. ಆಗ ಬ್ರಿಟನ್ನಿನಲ್ಲಿ ಗಾಜಿನ ಮೇಲೆ ಸುಂಕವಿತ್ತು. 1845ರಲ್ಲಿ ಅದು ರದ್ದಾಗಿ ಗಾಜು ಅಗ್ಗವಾಯಿತು. ಆದರೆ ಜರೀಗಿಡ ಶ್ರೀಮಂತರ ದಿವಾನಖಾನೆಯ ಹುಚ್ಚಾಯಿತು. ಅಪರೂಪದ ಜರೀಗಿಡಗಳನ್ನು ಬುಡಸಮೇತ ಕಿತ್ತು ಮಾರಿದ್ದರಿಂದ ಕೆಲವು ಕಾಡಿನ ಮೂಲೆಗಳು ಬರಿದಾದವು.

ದೊಡ್ಡಪತ್ರೆಯ ನೆಂಟ

ಅದೇ ಕಾಲದಲ್ಲಿ ಯುರೋಪನ್ನು ಮರುಳುಮಾಡಿದ ಇನ್ನೊಂದು ಗಿಡ ಕೋಲಿಯಸ್. ಜಾವಾ ದ್ವೀಪದಿಂದ ಹೋದ ಇದರ ಅಂದ ಹೂವಿನಲ್ಲಿಲ್ಲ, ಕೆಂಪು, ಹಳದಿ, ನೇರಳೆ ಬೆರೆತ ಎಲೆಯಲ್ಲಿದೆ. 1860ರ ದಶಕದಲ್ಲಿ ಇದರ ಹೊಸ ತಳಿಗಳು ಲಂಡನ್ನಿನಲ್ಲಿ ದುಬಾರಿ ಬೆಲೆಗೆ ಹರಾಜಾದವು. ಅದೇ ಶತಮಾನದಲ್ಲಿ ಬೆಂಗಳೂರಿನ ಲಾಲ್‌ಬಾಗ್ ಕೂಡ ಹೊರನಾಡಿನ ಗಿಡಗಳಿಗೆ ನೆಲೆಯಾಗಿತ್ತು. ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಪಳಗಿ 1858ರಲ್ಲಿ ಬಂದ ವಿಲಿಯಂ ನ್ಯೂ, 1874ರಲ್ಲಿ ಬಂದ ಜಾನ್ ಕ್ಯಾಮರಾನ್ ಅದರ ಮೇಲ್ವಿಚಾರಕರಾಗಿದ್ದರು. ಕ್ಯಾಮರಾನ್ ಕಾಲದಲ್ಲೇ, 1889ರಲ್ಲಿ, ಅಲ್ಲಿನ ಗಾಜಿನ ಮನೆಗೆ ಅಡಿಗಲ್ಲು ಬಿತ್ತು.

ಒಂದು ಕಾಲಕ್ಕೆ ಹರಾಜಿನಲ್ಲಿ ಮಾರಾಟವಾದ ಕೋಲಿಯಸ್ ಇಂದು ಅತಿ ಅಗ್ಗದ ಗಿಡಗಳಲ್ಲೊಂದು. ಕಾರಣ ಸರಳ. ಅದು ನಮ್ಮ ಹಿತ್ತಿಲ ದೊಡ್ಡಪತ್ರೆಯ ಹತ್ತಿರದ ನೆಂಟ. ತಂಬುಳಿಗೆಂದು ತಂದ ದೊಡ್ಡಪತ್ರೆಯ ಕಡ್ಡಿ ನೆಟ್ಟರೆ ಚಿಗುರುವಂತೆ ಇದೂ ಚಿಗುರುತ್ತದೆ. ಲೋಟದ ನೀರಿನಲ್ಲಿಟ್ಟರೂ ಒಂದೆರಡು ವಾರದಲ್ಲಿ ಬೇರು ಬಿಡುತ್ತದೆ. ನೆರೆಮನೆಯಿಂದ ಒಂದು ಕಡ್ಡಿ ಕೇಳಿದರೆ ಸಾಕು, ಖರ್ಚಿಲ್ಲ.

ಅರೆನೆರಳಿನ ಜಾಗಕ್ಕೆ ಕಳೆ ತರುವುದು ಇಂಥ ಬಣ್ಣದ ಎಲೆಗಳೇ. ಕ್ರೋಟನ್‌ಗೆ ಬಿಸಿಲು ಸಾಲದಿದ್ದರೆ ಬಣ್ಣ ಮಾಸಿ ಬರೀ ಹಸಿರಾಗುತ್ತದೆ. ಕೋಲಿಯಸ್ ಮತ್ತು ಜರೀಗಿಡ ಅರೆನೆರಳನ್ನೇ ಬಯಸುತ್ತವೆ. ಹೂವೇ ಬೇಕೆಂದರೆ ದಕ್ಷಿಣ ಭಾರತದ್ದೇ ಆದ ಕನಕಾಂಬರವಿದೆ. ಅರ್ಧ ದಿನದ ಬೆಳಕಿದ್ದರೂ ಅದು ಹೂ ಬಿಡುತ್ತದೆ. ಹಿಂದಿನ ಗೋಡೆಗೆ ಸುಣ್ಣ ಬಳಿದರೆ ಇರುವ ಬೆಳಕೇ ಇಮ್ಮಡಿಯಾದಂತೆ ಕಾಣುತ್ತದೆ.

ಹಠ ಹಿಡಿದು ಕಲ್ಲು ಪೇರಿಸಿದಾಗ ವಾರ್ಡ್ ಸೋತಿದ್ದ. ಗಿಡಕ್ಕೆ ಬೇಕಾದ್ದೇನೆಂದು ಬಾಟಲಿಯಲ್ಲಿ ಕಂಡುಕೊಂಡ ಮೇಲೆ ಗೆದ್ದ. ನಾಲ್ಕಡಿ ಜಾಗವಿರುವವರಿಗೂ ಈ ಪಾಠ ಸಲ್ಲುತ್ತದೆ. ನೆರಳನ್ನು ಓಡಿಸಲಾಗದು, ಅದನ್ನು ಮೆಚ್ಚುವ ಗಿಡವನ್ನು ಕರೆತರಬಹುದು.